ಎರಡು ಕ್ಯಾಮರಾಗಳ ಸೆನ್ಸರ್ ಗಾತ್ರವನ್ನೂ ನೋಟದ ವ್ಯಾಪ್ತಿಯನ್ನೂ ತ್ರೈರಾಶಿಯಿಂದ ಹೋಲಿಸುವ ಬಗೆ

ಮುಂಬಯಿಯ ಮಾಟುಂಗದ ಸಭಾಂಗಣವೊಂದರಲ್ಲಿ ಯಕ್ಷಗಾನದ ಚಿತ್ರಗಳನ್ನು ತೆಗೆಯುತ್ತಿದ್ದಾಗ ನಡುವೆ ನನ್ನ ಕ್ಯಾಮರಾದ ಬ್ಯಾಟರಿ ಮುಗಿಯಿತು. ಪಕ್ಕದಲ್ಲಿದ್ದ ಗೆಳೆಯರು ತಮ್ಮ ಕ್ಯಾಮರಾವನ್ನು ಕೊಟ್ಟರು. ನನ್ನದೇ 50 ಮಿ.ಮೀ. ಲೆನ್ಸನ್ನು ಅದಕ್ಕೆ ತೊಡಿಸಿ, ಅದೇ ಕುರ್ಚಿಯಲ್ಲಿ ಕುಳಿತು ಕೆಲಸ ಮುಂದುವರಿಸಿದೆ. ಮನೆಗೆ ಬಂದು ನೋಡಿದರೆ, ಮೊದಲರ್ಧದ ಚಿತ್ರಗಳಲ್ಲಿ ಇಡೀ ರಂಗಸ್ಥಳ ಸೇರಿತ್ತು, ಉಳಿದರ್ಧದ ಚಿತ್ರಗಳಲ್ಲಿ ಎಡಬಲದ ಅಂಚಿನಲ್ಲಿ ನಿಂತಿದ್ದ ಇಬ್ಬರು ವೇಷಧಾರಿಗಳು ಚೌಕಟ್ಟಿನಿಂದ ಹೊರಗುಳಿದಿದ್ದರು. ಲೆನ್ಸ್ ಬದಲಾಗಿರಲಿಲ್ಲ, ದೂರವೂ ಬದಲಾಗಿರಲಿಲ್ಲ. ಬದಲಾದದ್ದು ಸೆನ್ಸರಿನ, ಅಂದರೆ ಕ್ಯಾಮರಾದೊಳಗೆ ಬಿಂಬವನ್ನು ಹಿಡಿಯುವ ಫಲಕದ, ಅಗಲ ಒಂದೇ.

ಇಂತಹ ಸಂದರ್ಭದಲ್ಲಿ ಹೆಚ್ಚಿನವರು ಹೇಳುವ ಉತ್ತರ, "ಚಿಕ್ಕ ಸೆನ್ಸರಿನಲ್ಲಿ 50 ಮಿ.ಮೀ. ಲೆನ್ಸು 75 ಆಗುತ್ತದೆ" ಎಂಬುದು. ಲೆನ್ಸು ಏನೂ ಆಗುವುದಿಲ್ಲ. ಅದರ ಫೋಕಲ್ ಲೆಂಗ್ತ್, ಅಂದರೆ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ನಾವು ಸಂಗಮದೂರ ಎಂದು ಓದಿದ ಅಳತೆ, ಯಾವ ಕ್ಯಾಮರಾಕ್ಕೆ ತೊಡಿಸಿದರೂ 50 ಆಗಿಯೇ ಇರುತ್ತದೆ. ಕ್ಯಾಮರಾಗಳನ್ನು ಹೋಲಿಸುವಾಗ ನಾವು ಕೇಳಬೇಕಾದ ಪ್ರಶ್ನೆ ಮಿಲಿಮೀಟರಿನದ್ದಲ್ಲ. ಇಷ್ಟು ದೂರದಲ್ಲಿ ನಿಂತರೆ ಎದುರಿನ ದೃಶ್ಯದ ಎಷ್ಟು ಅಗಲ ಚಿತ್ರದೊಳಗೆ ಬರುತ್ತದೆ ಎಂಬುದು. ಇದಕ್ಕೆ ಬೇಕಾದ ಗಣಿತ ಪ್ರಾಥಮಿಕ ಶಾಲೆಯ ತ್ರೈರಾಶಿಗಿಂತ, ಅಂದರೆ ಗೊತ್ತಿರುವ ಮೂರು ಅಂಕಿಗಳಿಂದ ನಾಲ್ಕನೆಯದನ್ನು ಕಂಡುಕೊಳ್ಳುವ ಲೆಕ್ಕಕ್ಕಿಂತ, ಹೆಚ್ಚಿನದೇನಲ್ಲ.

ಮೊದಲನೆಯ ಹಂತ: ಸೆನ್ಸರಿನ ಅಗಲ ಮತ್ತು ಎತ್ತರವನ್ನು ಬರೆದುಕೊಳ್ಳುವುದು

ಕ್ಯಾಮರಾದ ಕೈಪಿಡಿಯ ಕೊನೆಯ ಪುಟಗಳಲ್ಲಿ ತಾಂತ್ರಿಕ ವಿವರಗಳಿರುತ್ತವೆ. ಅಲ್ಲಿ ಸೆನ್ಸರಿನ ಹೆಸರನ್ನು ಬಿಟ್ಟು, ಮಿಲಿಮೀಟರಿನಲ್ಲಿ ಕೊಟ್ಟಿರುವ ಅಗಲ ಮತ್ತು ಎತ್ತರಗಳನ್ನು ಮಾತ್ರ ಗುರುತು ಹಾಕಿಕೊಳ್ಳಬೇಕು. ಫುಲ್ ಫ್ರೇಮ್ ಸೆನ್ಸರು 36 × 24 ಮಿ.ಮೀ. ಇರುತ್ತದೆ, ಇದು ಹಳೆಯ 35 ಮಿ.ಮೀ. ಫಿಲ್ಮಿನ ಒಂದು ಚೌಕಟ್ಟಿನ ಅಳತೆ. ನಿಕಾನ್, ಸೋನಿ, ಫ್ಯೂಜಿಫಿಲ್ಮ್ ಕಂಪನಿಗಳ ಎಪಿಎಸ್-ಸಿ ಸೆನ್ಸರು ಸುಮಾರು 23.5 × 15.6 ಮಿ.ಮೀ. ಇದ್ದರೆ, ಅದೇ ಹೆಸರಿನ ಕ್ಯಾನನ್ ಸೆನ್ಸರು ತುಸು ಚಿಕ್ಕದು, ಸುಮಾರು 22.3 × 14.9 ಮಿ.ಮೀ. ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರಿನದು 17.3 × 13 ಮಿ.ಮೀ., ಜೇಬಿನಲ್ಲಿ ಹಿಡಿಯುವ ಒಳ್ಳೆಯ ಕ್ಯಾಮರಾಗಳಲ್ಲಿರುವ ಒಂದು ಇಂಚಿನ ಸೆನ್ಸರಿನದು 13.2 × 8.8 ಮಿ.ಮೀ. ಭಾರಿ ಜೂಮ್ ಇರುವ ಅಗ್ಗದ ಕ್ಯಾಮರಾಗಳ 1/2.3 ಇಂಚಿನ ಸೆನ್ಸರು ಸುಮಾರು 6.17 × 4.55 ಮಿ.ಮೀ. ಮಾತ್ರ.

ಇಂಚಿನ ಲೆಕ್ಕದಲ್ಲಿ ಹೇಳುವ ಹೆಸರುಗಳ ವಿಷಯದಲ್ಲಿ ಎಚ್ಚರ ಬೇಕು. ಒಂದು ಇಂಚು ಎಂದರೆ 25.4 ಮಿ.ಮೀ.; ಆದರೆ ಒಂದು ಇಂಚಿನ ಸೆನ್ಸರಿನ ಕರ್ಣವನ್ನು ಅಳೆದರೆ ಸಿಗುವುದು 16 ಮಿ.ಮೀ.ಗಿಂತ ತುಸು ಕಡಿಮೆ. ಹಿಂದಿನ ಟೆಲಿವಿಷನ್ ಕ್ಯಾಮರಾಗಳಲ್ಲಿ ಬಿಂಬವನ್ನು ಹಿಡಿಯುತ್ತಿದ್ದುದು ಗಾಜಿನ ಕೊಳವೆ. ಆ ಕೊಳವೆಯ ಹೊರವ್ಯಾಸ ಒಂದು ಇಂಚಿದ್ದರೆ, ಒಳಗೆ ಬಿಂಬಕ್ಕೆ ಉಪಯೋಗವಾಗುತ್ತಿದ್ದ ಜಾಗದ ಕರ್ಣ ಅದರ ಸುಮಾರು ಮೂರನೆಯ ಎರಡು ಭಾಗವಾಗಿತ್ತು. ಕೊಳವೆಗಳು ಹೋದವು, ಅವುಗಳ ಅಳತೆಯ ರೂಢಿ ಮಾತ್ರ ಮೊಬೈಲ್ ಫೋನಿನ ಜಾಹೀರಾತಿನವರೆಗೂ ಉಳಿದುಕೊಂಡಿತು. ಗ್ರಾಹಕರಿಗೆ ಇಷ್ಟು ದಾರಿ ತಪ್ಪಿಸುವ ಅಳತೆ ಇನ್ನೂ ಬಳಕೆಯಲ್ಲಿರುವುದು ನನಗೆ ಸರಿ ಕಾಣುವುದಿಲ್ಲ. ಮಿಲಿಮೀಟರಿನ ಅಂಕಿಗಳು ಸಿಗುವವರೆಗೆ ಹುಡುಕುವುದೇ ಒಳ್ಳೆಯದು.

ಎರಡನೆಯ ಹಂತ: ಲೆನ್ಸಿನ ನಿಜವಾದ ಫೋಕಲ್ ಲೆಂಗ್ತನ್ನು ತಿಳಿಯುವುದು

ಬಿಚ್ಚಿ ಹಾಕಬಹುದಾದ ಲೆನ್ಸುಗಳ ಮೇಲೆ ಬರೆದಿರುವುದು ನಿಜವಾದ ಅಳತೆಯೇ. ಎಪಿಎಸ್-ಸಿ ಕ್ಯಾಮರಾಕ್ಕೆಂದೇ ತಯಾರಿಸಿದ ಲೆನ್ಸಿನ ಮೇಲೆ 35 ಎಂದಿದ್ದರೆ, ಅದನ್ನು ಆಗಲೇ ಗುಣಿಸಿ ಬರೆದಿದ್ದಾರೆ ಎಂದು ಹಲವರು ತಿಳಿಯುತ್ತಾರೆ. ಅದು ತಪ್ಪು. ಫುಲ್ ಫ್ರೇಮಿನ 35 ಮಿ.ಮೀ. ಲೆನ್ಸನ್ನೂ ಎಪಿಎಸ್-ಸಿಯ 35 ಮಿ.ಮೀ. ಲೆನ್ಸನ್ನೂ ಒಂದೇ ಎಪಿಎಸ್-ಸಿ ಕ್ಯಾಮರಾಕ್ಕೆ ಒಂದಾದ ಮೇಲೊಂದು ತೊಡಿಸಿದರೆ ಎರಡೂ ಒಂದೇ ನೋಟವನ್ನು ಕೊಡುತ್ತವೆ. ಎಪಿಎಸ್-ಸಿಗೆಂದು ಮಾಡಿದ ಲೆನ್ಸಿನ ಬಿಂಬ ದೊಡ್ಡ ಸೆನ್ಸರಿನ ಮೂಲೆಗಳನ್ನು ತುಂಬಲಾರದು ಎಂಬುದೇ ಅವುಗಳ ನಡುವಿನ ಮುಖ್ಯ ವ್ಯತ್ಯಾಸ.

ಲೆನ್ಸು ಬಿಚ್ಚಲಾಗದ ಕ್ಯಾಮರಾಗಳಲ್ಲಿ ಎರಡು ಬಗೆಯ ಅಂಕಿಗಳು ಕಾಣಿಸುತ್ತವೆ. ಉದಾಹರಣೆಗೆ ಸೋನಿ ಆರ್‌ಎಕ್ಸ್100 ಸರಣಿಯ ಏಳನೆಯ ಮಾದರಿಯ ಲೆನ್ಸಿನ ನಿಜವಾದ ಫೋಕಲ್ ಲೆಂಗ್ತ್ 9ರಿಂದ 72 ಮಿ.ಮೀ.; ಜಾಹೀರಾತಿನಲ್ಲಿ ಹೇಳುವುದು 24ರಿಂದ 200 ಮಿ.ಮೀ. ಎರಡನೆಯದು ಫುಲ್ ಫ್ರೇಮಿಗೆ ಪರಿವರ್ತಿಸಿದ ಸಮಾನ ಅಳತೆ, ಅಂದರೆ ಫುಲ್ ಫ್ರೇಮಿನಲ್ಲಿ ಅದೇ ನೋಟ ಸಿಗಲು ಬೇಕಾಗುವ ಫೋಕಲ್ ಲೆಂಗ್ತ್. ನಿಜವಾದ ಅಂಕಿಯನ್ನು ಸೆನ್ಸರಿನ ನಿಜವಾದ ಅಗಲದೊಂದಿಗೆ, ಪರಿವರ್ತಿಸಿದ ಅಂಕಿಯನ್ನು 36 ಮಿ.ಮೀ. ಅಗಲದೊಂದಿಗೆ ಜೋಡಿಸಬೇಕು; ಒಂದರ ಅಂಕಿಯನ್ನು ಇನ್ನೊಂದರ ಅಗಲಕ್ಕೆ ಬೆರೆಸಿದರೆ ಲೆಕ್ಕ ಪೂರ್ತಿ ಕೆಡುತ್ತದೆ.

ಮೊಬೈಲ್ ಫೋನಿನ ಸೆನ್ಸರಿನ ಅಳತೆ ಸಿಗದಿದ್ದರೂ ಒಂದು ದಾರಿಯಿದೆ. ಚಿತ್ರದ ಕಡತದಲ್ಲಿ ಅಡಗಿರುವ ಎಕ್ಸಿಫ್ ವಿವರಗಳಲ್ಲಿ ಸಾಮಾನ್ಯವಾಗಿ ಎರಡೂ ಅಂಕಿಗಳು ದಾಖಲಾಗಿರುತ್ತವೆ. ಐಫೋನ್ 6ಎಸ್‌ನ ಚಿತ್ರಗಳಲ್ಲಿ 4.15 ಮಿ.ಮೀ. ಎಂಬ ನಿಜವಾದ ಅಳತೆಯೂ 29 ಮಿ.ಮೀ. ಎಂಬ ಸಮಾನ ಅಳತೆಯೂ ಕಾಣುತ್ತವೆ. 29ನ್ನು 4.15ರಿಂದ ಭಾಗಿಸಿದರೆ ಸುಮಾರು 7 ಬರುತ್ತದೆ. ಫುಲ್ ಫ್ರೇಮಿನ ಕರ್ಣ 43.3 ಮಿ.ಮೀ. ಆಗಿರುವುದರಿಂದ, ಆ ಫೋನಿನಲ್ಲಿ ಚಿತ್ರಕ್ಕೆ ಬಳಕೆಯಾದ ಸೆನ್ಸರಿನ ಕರ್ಣ ಸುಮಾರು 6 ಮಿ.ಮೀ. ಎಂದು ತಿಳಿಯುತ್ತದೆ. ಈ 7 ಎಂಬುದೇ ಅಂಗಡಿಯವರು ಹೇಳುವ ಕ್ರಾಪ್ ಫ್ಯಾಕ್ಟರ್. ಪರೀಕ್ಷೆಯ ಚಿತ್ರವನ್ನು ತೆಗೆಯುವಾಗ ಪರದೆಯನ್ನು ಬೆರಳಿನಿಂದ ಹಿಗ್ಗಿಸಿ ಜೂಮ್ ಮಾಡಬಾರದು.

ಮೂರನೆಯ ಹಂತ: ತ್ರೈರಾಶಿ

ದೂರದ ವಸ್ತುವಿನಿಂದ ಹೊರಟ ಬೆಳಕು ಲೆನ್ಸಿನ ಮೂಲಕ ಹಾದು ಸೆನ್ಸರಿನ ಮೇಲೆ ಬೀಳುವಾಗ ಲೆನ್ಸಿನ ಆಚೆ ಒಂದು ದೊಡ್ಡ ತ್ರಿಭುಜವೂ ಈಚೆ ಅದೇ ಆಕಾರದ ಒಂದು ಪುಟ್ಟ ತ್ರಿಭುಜವೂ ಉಂಟಾಗುತ್ತವೆ. ಹೀಗಾಗಿ ದೃಶ್ಯದ ಅಗಲಕ್ಕೂ ದೂರಕ್ಕೂ ಯಾವ ಪ್ರಮಾಣವಿದೆಯೋ ಸೆನ್ಸರಿನ ಅಗಲಕ್ಕೂ ಫೋಕಲ್ ಲೆಂಗ್ತಿಗೂ ಅದೇ ಪ್ರಮಾಣವಿರುತ್ತದೆ. ದೂರವನ್ನು ಸೆನ್ಸರಿನ ಅಗಲದಿಂದ ಗುಣಿಸಿ ಫೋಕಲ್ ಲೆಂಗ್ತಿನಿಂದ ಭಾಗಿಸಿದರೆ ದೃಶ್ಯದ ಅಗಲ ದೊರೆಯುತ್ತದೆ.

ಮಾಟುಂಗದ ಆ ಸಂಜೆಗೆ ಇದನ್ನು ಅನ್ವಯಿಸಿ ನೋಡೋಣ. ನಾನು ವೇದಿಕೆಯಿಂದ ಹೆಚ್ಚುಕಡಿಮೆ 15 ಮೀಟರ್ ದೂರದಲ್ಲಿ ಕುಳಿತಿದ್ದೆ. ವೇದಿಕೆಯ ಅಗಲ ಸುಮಾರು 9 ಮೀಟರ್. ನನ್ನ ಫುಲ್ ಫ್ರೇಮ್ ಕ್ಯಾಮರಾದಲ್ಲಿ 15ನ್ನು 36ರಿಂದ ಗುಣಿಸಿ 50ರಿಂದ ಭಾಗಿಸಿದರೆ 10.8 ಮೀಟರ್ ಬರುತ್ತದೆ, ಎರಡೂ ಬದಿಯಲ್ಲಿ ತುಸು ಜಾಗ ಉಳಿದು ಇಡೀ ವೇದಿಕೆ ಸೇರುತ್ತದೆ. ಗೆಳೆಯರ ಎಪಿಎಸ್-ಸಿ ಕ್ಯಾಮರಾದಲ್ಲಿ 36ರ ಬದಲು 23.5 ಇಟ್ಟರೆ ಸಿಗುವುದು 7.05 ಮೀಟರ್ ಮಾತ್ರ. ಪ್ರತಿ ಬದಿಯಲ್ಲೂ ಒಂದು ಮೀಟರಿನಷ್ಟು ವೇದಿಕೆ ಕತ್ತರಿಸಿಹೋಗುತ್ತದೆ, ಮತ್ತು ಆ ಇಬ್ಬರು ವೇಷಧಾರಿಗಳು ನಿಂತಿದ್ದುದು ಆ ಒಂದು ಮೀಟರಿನಲ್ಲೇ.

ಸೂತ್ರವನ್ನು ತಿರುಗಿಸಿದರೆ ಯಾವ ಲೆನ್ಸನ್ನು ಒಯ್ಯಬೇಕೆಂಬುದು ತಿಳಿಯುತ್ತದೆ. ದೂರವನ್ನು ಸೆನ್ಸರಿನ ಅಗಲದಿಂದ ಗುಣಿಸಿ ದೃಶ್ಯದ ಅಗಲದಿಂದ ಭಾಗಿಸಬೇಕು. ಅದೇ ಕುರ್ಚಿಯಿಂದ ಸರಿಯಾಗಿ 9 ಮೀಟರ್ ವೇದಿಕೆಯನ್ನು ತುಂಬಿಸಲು ಫುಲ್ ಫ್ರೇಮಿನಲ್ಲಿ 60 ಮಿ.ಮೀ., ನಿಕಾನ್ ಅಥವಾ ಸೋನಿ ಎಪಿಎಸ್-ಸಿಯಲ್ಲಿ 39, ಕ್ಯಾನನ್ ಎಪಿಎಸ್-ಸಿಯಲ್ಲಿ 37, ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 29, ಒಂದು ಇಂಚಿನ ಸೆನ್ಸರಿನಲ್ಲಿ 22 ಮಿ.ಮೀ. ಬೇಕಾಗುತ್ತದೆ. ಈ ಐದೂ ಚಿತ್ರಗಳಲ್ಲಿ ವೇದಿಕೆಯ ಅಗಲ ಒಂದೇ, ಮುಂದೆ ಕುಣಿಯುವ ವೇಷಕ್ಕೂ ಹಿಂದೆ ಕುಳಿತ ಹಿಮ್ಮೇಳಕ್ಕೂ ಇರುವ ಗಾತ್ರದ ಅನುಪಾತವೂ ಒಂದೇ. ಆ ಅನುಪಾತವನ್ನು ನಿರ್ಧರಿಸುವುದು ನಾವು ನಿಂತ ದೂರವೇ ಹೊರತು ಲೆನ್ಸೂ ಅಲ್ಲ, ಸೆನ್ಸರೂ ಅಲ್ಲ. ಹತ್ತಿರ ಹೋಗಿ ಅಗಲವಾದ ಲೆನ್ಸನ್ನು ಬಳಸಿದರೆ ಮುಂದಿನ ವೇಷ ದೊಡ್ಡದಾಗಿ, ಭಾಗವತರು ಚಿಕ್ಕದಾಗಿ ಕಾಣುತ್ತಾರೆ.

ಕೆಲವರು ಅಗಲದ ಬದಲು ನೋಟದ ಕೋನವನ್ನು ಹೋಲಿಸುತ್ತಾರೆ. ಅದು ತಪ್ಪಲ್ಲ, ಆದರೆ ಕೋನಗಳು ಸರಳವಾಗಿ ಗುಣಾಕಾರಕ್ಕೆ ಒಗ್ಗುವುದಿಲ್ಲ. ಫುಲ್ ಫ್ರೇಮಿನಲ್ಲಿ 24 ಮಿ.ಮೀ. ಲೆನ್ಸಿನ ಅಡ್ಡ ಕೋನ 73.7 ಡಿಗ್ರಿ, ಫೋಕಲ್ ಲೆಂಗ್ತನ್ನು ಇಮ್ಮಡಿಗೊಳಿಸಿ 48 ಮಾಡಿದರೆ ಕೋನ ಅರ್ಧವಾಗದೆ 41.1 ಡಿಗ್ರಿಗೆ ಇಳಿಯುತ್ತದೆ. ದೃಶ್ಯದ ಅಗಲವಾದರೋ ಕರಾರುವಾಕ್ಕಾಗಿ ಅರ್ಧವಾಗುತ್ತದೆ. ಕೋನವೇ ಬೇಕಿದ್ದವರು ಸೆನ್ಸರಿನ ಅಗಲವನ್ನು ಫೋಕಲ್ ಲೆಂಗ್ತಿನ ಎರಡರಷ್ಟರಿಂದ ಭಾಗಿಸಿ, ಬಂದ ಸಂಖ್ಯೆಯ ವಿಲೋಮ ಟ್ಯಾಂಜೆಂಟನ್ನು ಕ್ಯಾಲ್ಕುಲೇಟರಿನಲ್ಲಿ ತೆಗೆದು, ಅದನ್ನು ಇಮ್ಮಡಿಗೊಳಿಸಬೇಕು. ಫಿಶ್‌ಐ ಲೆನ್ಸುಗಳಿಗೆ ಈ ಎರಡು ಲೆಕ್ಕಗಳೂ ಹೊಂದುವುದಿಲ್ಲ; ನೇರ ಗೆರೆಯನ್ನು ನೇರವಾಗಿಯೇ ತೋರಿಸುವ ಲೆನ್ಸುಗಳಿಗೆ ಮಾತ್ರ ಇವು ಸರಿ.

ನಾಲ್ಕನೆಯ ಹಂತ: ಚಿತ್ರದ ಆಕಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು

ಕ್ರಾಪ್ ಫ್ಯಾಕ್ಟರನ್ನು ಸಾಮಾನ್ಯವಾಗಿ ಕರ್ಣದಿಂದ ಲೆಕ್ಕ ಹಾಕುತ್ತಾರೆ. ಎರಡೂ ಸೆನ್ಸರುಗಳು ಒಂದೇ ಆಕಾರದವಾಗಿದ್ದರೆ ಇದರಿಂದ ತೊಂದರೆಯಿಲ್ಲ. ಆದರೆ ಫುಲ್ ಫ್ರೇಮ್ 3:2 ಆಕಾರದ್ದು, ಮೈಕ್ರೋ ಫೋರ್ ಥರ್ಡ್ಸ್ 4:3 ಆಕಾರದ್ದು. ಕರ್ಣಗಳನ್ನು ಹೋಲಿಸಿದರೆ 2 ಎಂಬ ಅಂಕಿ ಬರುತ್ತದೆ. ಅಗಲಗಳನ್ನು ಹೋಲಿಸಿದರೆ 2.08, ಎತ್ತರಗಳನ್ನು ಹೋಲಿಸಿದರೆ 1.85. ಹೀಗಾಗಿ ಫುಲ್ ಫ್ರೇಮಿನ 50 ಮಿ.ಮೀ. ಲೆನ್ಸಿಗೆ ಸಮಾನವೆಂದು ಹೇಳುವ 25 ಮಿ.ಮೀ. ಲೆನ್ಸು ಅಡ್ಡಕ್ಕೆ ಸ್ವಲ್ಪ ಕಡಿಮೆಯನ್ನೂ ಮೇಲಕ್ಕೆ ಸ್ವಲ್ಪ ಹೆಚ್ಚನ್ನೂ ತೋರಿಸುತ್ತದೆ. ವೇದಿಕೆಯನ್ನು ತೆಗೆಯುವವರು ಅಗಲವನ್ನೂ ಕಟ್ಟಡವನ್ನು ತೆಗೆಯುವವರು ಎತ್ತರವನ್ನೂ ಹೋಲಿಸಬೇಕು.

ಕಟ್ಟಡಕ್ಕೆ ನಮ್ಮ ಊರಿನ ಗೇಟ್‌ವೇ ಆಫ್ ಇಂಡಿಯಾಕ್ಕಿಂತ ಒಳ್ಳೆಯ ಉದಾಹರಣೆ ಬೇಡ. 1924ರಲ್ಲಿ ಸಾರ್ವಜನಿಕರಿಗೆ ತೆರೆದ, ಜಾರ್ಜ್ ವಿಟೆಟ್ ವಿನ್ಯಾಸಗೊಳಿಸಿದ ಆ ಕಮಾನಿನ ಎತ್ತರ 26 ಮೀಟರ್. ಕ್ಯಾಮರಾವನ್ನು ಮೇಲಕ್ಕೆ ಬಾಗಿಸಿದರೆ ಅದರ ಗೋಪುರಗಳು ಒಳಮುಖವಾಗಿ ವಾಲಿದಂತೆ ಕಾಣುತ್ತವೆ. ಆದ್ದರಿಂದ ಕ್ಯಾಮರಾವನ್ನು ಮಟ್ಟಸವಾಗಿ ಹಿಡಿಯಬೇಕೆಂದು ಇಟ್ಟುಕೊಳ್ಳೋಣ. ಆಗ ಸೆನ್ಸರಿನ ಅರ್ಧ ಎತ್ತರ ಮಾತ್ರ ನಮ್ಮ ಕಣ್ಣಿನ ಮಟ್ಟಕ್ಕಿಂತ ಮೇಲಿನ ಭಾಗಕ್ಕೆ ಉಪಯೋಗವಾಗುತ್ತದೆ. ಕ್ಯಾಮರಾ ನೆಲದಿಂದ 1.6 ಮೀಟರ್ ಎತ್ತರದಲ್ಲಿದ್ದರೆ ಉಳಿದ 24.4 ಮೀಟರ್ ಫುಲ್ ಫ್ರೇಮಿನ 12 ಮಿ.ಮೀ.ಯಲ್ಲಿ ಹಿಡಿಯಬೇಕು. ಲೆನ್ಸು 24 ಮಿ.ಮೀ. ಆಗಿದ್ದರೆ ಬೇಕಾಗುವ ದೂರ ಸುಮಾರು 49 ಮೀಟರ್. ಎಪಿಎಸ್-ಸಿಯ 16 ಮಿ.ಮೀ. ಲೆನ್ಸಿಗೆ ಲೆಕ್ಕ ಹಾಕಿದರೆ 50 ಮೀಟರ್ ಬರುತ್ತದೆ, ಅಂದರೆ ಎರಡೂ ಹೆಚ್ಚುಕಡಿಮೆ ಸಮ. ಫುಲ್ ಫ್ರೇಮ್ ಕ್ಯಾಮರಾವನ್ನು ನೆಟ್ಟಗೆ ತಿರುಗಿಸಿ ಹಿಡಿದರೆ 12ರ ಬದಲು 18 ಮಿ.ಮೀ. ಸಿಕ್ಕಿ, 32.5 ಮೀಟರ್ ದೂರದಿಂದಲೇ ಶಿಖರ ಚೌಕಟ್ಟಿನೊಳಗೆ ಬರುತ್ತದೆ. ಹೊಸ ಲೆನ್ಸಿಗೆ ಹಣ ತೆರುವ ಮುನ್ನ ಕ್ಯಾಮರಾವನ್ನು ಹೀಗೆ ತಿರುಗಿಸಿ ಲೆಕ್ಕ ಹಾಕಿ ನೋಡಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ವಿಡಿಯೊ 16:9 ಆಕಾರದ್ದಾದ್ದರಿಂದ ಅಗಲ ಪೂರ್ತಿ ಉಳಿದು ಮೇಲೂ ಕೆಳಗೂ ಕತ್ತರಿಸಿಹೋಗುತ್ತದೆ. ಕೆಲವು ಕ್ಯಾಮರಾಗಳು 4ಕೆ ವಿಡಿಯೊದಲ್ಲಿ ಅಗಲವನ್ನೂ ಕಡಿಮೆ ಮಾಡುತ್ತವೆ, ಅಲುಗಾಟ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಚಾಲೂ ಮಾಡಿದರೆ ಇನ್ನಷ್ಟು ಕಡಿಮೆಯಾಗುತ್ತದೆ. ಇದನ್ನು ಕೈಪಿಡಿಯಲ್ಲಿ ಹುಡುಕುವುದಕ್ಕಿಂತ ಅಳೆದು ನೋಡುವುದು ಸುಲಭ.

ಐದನೆಯ ಹಂತ: ಮನೆಯ ಗೋಡೆಯ ಮೇಲೆ ಅಳೆಯುವುದು

ಮುಂಬಯಿಯ ಚಿಕ್ಕ ಮನೆಗಳಲ್ಲಿಯೂ ಗೋಡೆಯಿಂದ 3 ಮೀಟರ್ ಹಿಂದಕ್ಕೆ ಸರಿಯಲು ಜಾಗ ಸಿಕ್ಕೀತು. ಇಲ್ಲದಿದ್ದರೆ ಕಟ್ಟಡದ ಮೊಗಸಾಲೆಯಾದರೂ ಆಗಬಹುದು. ಅಳತೆಯ ಟೇಪನ್ನು ಗೋಡೆಗೆ ಅಡ್ಡಲಾಗಿ ಅಂಟಿಸಿ, ಕ್ಯಾಮರಾವನ್ನು ಸ್ಟ್ಯಾಂಡಿನ ಮೇಲೆ ಗೋಡೆಗೆ ನೇರವಾಗಿ ಇಟ್ಟು, ಒಂದು ಚಿತ್ರ ತೆಗೆಯಬೇಕು. ಚಿತ್ರದ ಎಡ ಅಂಚಿನಿಂದ ಬಲ ಅಂಚಿನವರೆಗೆ ಟೇಪಿನ ಎಷ್ಟು ಸೆಂಟಿಮೀಟರ್ ಕಾಣುತ್ತದೆಂದು ಓದಿಕೊಳ್ಳಬೇಕು. 50 ಮಿ.ಮೀ. ಲೆನ್ಸಾದರೆ ಫುಲ್ ಫ್ರೇಮಿನಲ್ಲಿ 216 ಸೆಂ.ಮೀ., 23.5 ಮಿ.ಮೀ. ಅಗಲದ ಎಪಿಎಸ್-ಸಿಯಲ್ಲಿ 141 ಸೆಂ.ಮೀ. ಬರಬೇಕು. ನಿಮಗೆ ಶೇಕಡಾ ಮೂರು ನಾಲ್ಕರಷ್ಟು ವ್ಯತ್ಯಾಸ ಬಂದರೆ ಗಾಬರಿಪಡಬೇಕಾಗಿಲ್ಲ. ಲೆನ್ಸಿನ ಮೇಲಿನ ಅಂಕಿಯನ್ನು ಪೂರ್ಣಾಂಕಕ್ಕೆ ಹೊಂದಿಸಿ ಬರೆಯುತ್ತಾರೆ, ಹತ್ತಿರಕ್ಕೆ ಫೋಕಸ್ ಮಾಡಿದಾಗ ಹಲವು ಲೆನ್ಸುಗಳ ನೋಟವೂ ತುಸು ಬದಲಾಗುತ್ತದೆ. ಅದೇ ಜಾಗದಿಂದ ವಿಡಿಯೊ ಚಾಲೂ ಮಾಡಿ ಮತ್ತೊಮ್ಮೆ ಟೇಪನ್ನು ಓದಿದರೆ ವಿಡಿಯೊದಲ್ಲಿ ಎಷ್ಟು ಅಗಲ ನಷ್ಟವಾಗುತ್ತದೆಂಬುದು ನೇರವಾಗಿ ಗೊತ್ತಾಗುತ್ತದೆ.

ಆರನೆಯ ಹಂತ: ದೂರದ ಹಕ್ಕಿಗಾಗಿ ಪಿಕ್ಸೆಲ್‌ಗಳ ಲೆಕ್ಕ

ಚಳಿಗಾಲದಿಂದ ಬೇಸಗೆಯವರೆಗೆ ಮುಂಬಯಿಯ ಶಿವಡಿಯ ಮತ್ತು ಠಾಣೆ ಖಾರಿಯ (ಕಡಲಿನ ಒಳಚಾಚಿನ) ಕೆಸರುಬಯಲಿಗೆ ಬರುವ ಫ್ಲೆಮಿಂಗೊಗಳನ್ನು ನೋಡಲು ಹೋಗುವವರು "ಚಿಕ್ಕ ಸೆನ್ಸರು ಹಕ್ಕಿಯನ್ನು ಹತ್ತಿರಕ್ಕೆ ತರುತ್ತದೆ" ಎಂದು ಹೇಳುವುದನ್ನು ಪ್ರತಿ ವರ್ಷವೂ ಕೇಳುತ್ತೇನೆ. ಈ ಮಾತನ್ನು ಅಳೆದು ನೋಡಬೇಕು. 90 ಸೆಂ.ಮೀ. ಎತ್ತರದ ಹಕ್ಕಿಯೊಂದು 100 ಮೀಟರ್ ದೂರದಲ್ಲಿದೆ, ನಮ್ಮಲ್ಲಿ 300 ಮಿ.ಮೀ. ಲೆನ್ಸಿದೆ ಎಂದುಕೊಳ್ಳೋಣ. ತ್ರೈರಾಶಿಯ ಪ್ರಕಾರ ಸೆನ್ಸರಿನ ಮೇಲೆ ಬೀಳುವ ಬಿಂಬದ ಎತ್ತರ 2.7 ಮಿ.ಮೀ. ಸೆನ್ಸರು ದೊಡ್ಡದಿರಲಿ, ಚಿಕ್ಕದಿರಲಿ, ಬಿಂಬ ಅಷ್ಟೇ.

ವ್ಯತ್ಯಾಸ ಬರುವುದು ಆ 2.7 ಮಿ.ಮೀ.ಯಲ್ಲಿ ಎಷ್ಟು ಪಿಕ್ಸೆಲ್‌ಗಳಿವೆ ಎಂಬುದರಿಂದ. 24 ಮೆಗಾಪಿಕ್ಸೆಲ್ಲಿನ ಫುಲ್ ಫ್ರೇಮಿನಲ್ಲಿ 24 ಮಿ.ಮೀ. ಎತ್ತರಕ್ಕೆ 4000 ಸಾಲುಗಳಿರುವುದರಿಂದ ಹಕ್ಕಿಗೆ 450 ಸಾಲುಗಳು ಸಿಗುತ್ತವೆ. ಅಷ್ಟೇ ಮೆಗಾಪಿಕ್ಸೆಲ್ಲಿನ ಎಪಿಎಸ್-ಸಿಯಲ್ಲಿ 15.6 ಮಿ.ಮೀ.ಗೆ 4000 ಸಾಲುಗಳು, ಹಕ್ಕಿಗೆ ಸುಮಾರು 690. ಇಲ್ಲಿ ಚಿಕ್ಕ ಸೆನ್ಸರಿಗೆ ನಿಜವಾದ ಲಾಭವಿದೆ. ಆದರೆ ನಿಕಾನ್ ಡಿ850ರಂತಹ 45 ಮೆಗಾಪಿಕ್ಸೆಲ್ ಫುಲ್ ಫ್ರೇಮಿನಲ್ಲಿ 5504 ಸಾಲುಗಳಿರುವುದರಿಂದ ಅದೇ ಹಕ್ಕಿಗೆ 620 ಸಾಲುಗಳು ಸಿಕ್ಕಿ, ಅಂತರ ಬಹುಪಾಲು ಮುಚ್ಚಿಹೋಗುತ್ತದೆ. ಆದ್ದರಿಂದ ಹಕ್ಕಿ ತೆಗೆಯುವವರು ಸೆನ್ಸರಿನ ಗಾತ್ರಕ್ಕಿಂತ ಪ್ರತಿ ಮಿಲಿಮೀಟರಿಗೆ ಎಷ್ಟು ಪಿಕ್ಸೆಲ್ ಎಂಬುದನ್ನು ಹೋಲಿಸುವುದು ಸರಿ.

ನಿಕಾನ್ ಕೂಲ್‌ಪಿಕ್ಸ್ ಪಿ1000ದಂತಹ ಕ್ಯಾಮರಾಗಳ ಜಾಹೀರಾತಿನಲ್ಲಿ ಕಾಣುವ 3000 ಮಿ.ಮೀ. ಎಂಬ ಅಂಕಿ ಸಮಾನ ಅಳತೆ. ಅದರ ಲೆನ್ಸಿನ ನಿಜವಾದ ಫೋಕಲ್ ಲೆಂಗ್ತ್ 4.3ರಿಂದ 539 ಮಿ.ಮೀ. 539ರಲ್ಲಿ ಮೇಲಿನ ಹಕ್ಕಿಯ ಬಿಂಬ 4.85 ಮಿ.ಮೀ. ಆಗಿ, 4.55 ಮಿ.ಮೀ. ಎತ್ತರದ ಆ ಸೆನ್ಸರನ್ನು ಮೀರಿಹೋಗುತ್ತದೆ. ಕೆಸರಿನ ಮೇಲೆ ಬಿಸಿಗಾಳಿ ಏಳುವ ಹೊತ್ತಿನಲ್ಲಿ ಅಷ್ಟು ದೂರದ ಚಿತ್ರ ಅದುರಿದಂತೆ ಕಾಣುವುದನ್ನು ಯಾವ ಸೆನ್ಸರೂ ಸರಿಪಡಿಸಲಾರದು. ಬೆಳಗಿನ ತಂಪಿನಲ್ಲಿ ಹೋಗಬೇಕು.

ಏಳನೆಯ ಹಂತ: ಬೆಳಕನ್ನು ಹೋಲಿಸುವುದು

ನೋಟ ಸಮವಾದ ಮಾತ್ರಕ್ಕೆ ಚಿತ್ರಗಳು ಸಮವಾಗುವುದಿಲ್ಲ. ಫುಲ್ ಫ್ರೇಮಿನ ವಿಸ್ತೀರ್ಣ 864 ಚದರ ಮಿ.ಮೀ., ಮೈಕ್ರೋ ಫೋರ್ ಥರ್ಡ್ಸ್‌ನದು ಸುಮಾರು 225. ಒಂದೇ ಅಪರ್ಚರ್ (ಲೆನ್ಸಿನ ಕಿಂಡಿ ತೆರೆದಿರುವ ಪ್ರಮಾಣ) ಮತ್ತು ಒಂದೇ ಶಟರ್ ವೇಗದಲ್ಲಿ ದೊಡ್ಡದು ಒಟ್ಟು ಸುಮಾರು ನಾಲ್ಕರಷ್ಟು ಬೆಳಕನ್ನು ಕೂಡಿಸಿಕೊಳ್ಳುತ್ತದೆ. ಮಂದ ಬೆಳಕಿನ ಸಭಾಂಗಣದಲ್ಲಿ ಇದರ ಪರಿಣಾಮ ಕಣ್ಣಿಗೆ ಕಾಣುವಷ್ಟಿರುತ್ತದೆ.

ಇದನ್ನು ಹೋಲಿಸಲು ಫೋಕಲ್ ಲೆಂಗ್ತನ್ನು ಅಪರ್ಚರ್ ಅಂಕಿಯಿಂದ (ಎಫ್/4 ಎಂದಿದ್ದರೆ 4ರಿಂದ) ಭಾಗಿಸಿ, ಬೆಳಕು ಒಳಬರುವ ಕಿಂಡಿಯ ವ್ಯಾಸವನ್ನು ಪಡೆಯಬೇಕು. ವೇದಿಕೆಯ ಉದಾಹರಣೆಯಲ್ಲಿ ಫುಲ್ ಫ್ರೇಮಿನ 60 ಮಿ.ಮೀ. ಲೆನ್ಸು ಎಫ್/4ರಲ್ಲಿದ್ದರೆ ಕಿಂಡಿ 15 ಮಿ.ಮೀ.; ಮೈಕ್ರೋ ಫೋರ್ ಥರ್ಡ್ಸ್‌ನ 29 ಮಿ.ಮೀ. ಲೆನ್ಸು ಎಫ್/2ರಲ್ಲಿದ್ದರೆ 14.5 ಮಿ.ಮೀ. ಎರಡೂ ಸುಮಾರು ಒಂದೇ. ಆದ್ದರಿಂದ ಶಟರ್ ವೇಗ ಒಂದೇ ಇಟ್ಟು, ಮೊದಲನೆಯದರಲ್ಲಿ ಐಎಸ್ಒ (ಚಿತ್ರದ ಬೆಳಕನ್ನು ಹೆಚ್ಚಿಸುವ ಅಂಕಿ) 6400, ಎರಡನೆಯದರಲ್ಲಿ 1600 ಇಟ್ಟರೆ, ಹಿನ್ನೆಲೆ ಮಸುಕಾಗುವ ಪ್ರಮಾಣವೂ ಚಿತ್ರದಲ್ಲಿ ಕಾಣುವ ಕಾಳುಕಾಳಾದ ಚುಕ್ಕೆಗಳ ಪ್ರಮಾಣವೂ ಬಹುಮಟ್ಟಿಗೆ ಒಂದೇ ಆಗುತ್ತವೆ. ಚಿಕ್ಕ ಸೆನ್ಸರಿನವರು ದೊಡ್ಡ ಅಪರ್ಚರಿನ ಲೆನ್ಸಿಗೆ ಹಣ ಹಾಕುವುದು ಜಾಣತನವಾಗುವುದು ಈ ಕಾರಣಕ್ಕೆ.

ಫೋರ್ಟಿನ ಬೋರಾ ಬಜಾರಿನ ಕ್ಯಾಮರಾ ಅಂಗಡಿಗಳಲ್ಲಿ ಬಳಸಿದ ಲೆನ್ಸು ನೋಡಲು ಹೋಗುವಾಗ ನಾನೀಗ ಒಂದು ಚೀಟಿಯನ್ನು ಚೀಲದಲ್ಲಿಟ್ಟುಕೊಂಡಿರುತ್ತೇನೆ. ಅದರಲ್ಲಿ ನನ್ನ ಎರಡೂ ಕ್ಯಾಮರಾಗಳ ಸೆನ್ಸರಿನ ಅಗಲ ಮತ್ತು ಎತ್ತರ, ಸಾಮಾನ್ಯವಾಗಿ ಸಿಗುವ ಕುರ್ಚಿಯಿಂದ ವೇದಿಕೆಗಿರುವ ದೂರ, ವೇದಿಕೆಯ ಅಗಲ ಇಷ್ಟನ್ನು ಬರೆದಿದ್ದೇನೆ. ಅಂಗಡಿಯವರು ಲೆನ್ಸನ್ನು ಕೈಗೆ ಕೊಟ್ಟಾಗ ಅದರ ಮೇಲಿನ ಅಂಕಿಯನ್ನು ಚೀಟಿಯ ಲೆಕ್ಕದಲ್ಲಿ ಇಟ್ಟು, ಅಂಚಿನಲ್ಲಿ ನಿಲ್ಲುವ ವೇಷಧಾರಿ ಚೌಕಟ್ಟಿನೊಳಗೆ ಬರುತ್ತಾನೆಯೇ ಎಂದು ಮೊದಲು ನೋಡುತ್ತೇನೆ. ಬೆಲೆಯನ್ನು ಕೇಳುವುದು ಆಮೇಲೆ.